ಅಜ್ಜನ ಜಾಗಟೆ, ಮೊಮ್ಮಗಳ ಪರೀಕ್ಷೆ

ಮಾರ್ಚ್ ತಿಂಗಳು ಹತ್ತಿರ ಬಂತೆಂದರೆ ನಮ್ಮ ಕಡೆ ಪರೀಕ್ಷೆ ಬರೆಯುವವರು ಮಕ್ಕಳು, ಬೆವರುವವರು ಊರವರೆಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಅಂತ ಮೂರು ತಾಲೂಕು ಸುತ್ತಿ ಗಣಿತ ಕಲಿಸುತ್ತಿರುವ ನಾನು ಇಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ನನ್ನ ವಿಳಾಸ ಕೇಳಿಕೊಂಡು ಸ್ಟಾಫ್ ರೂಮಿನ ತನಕ ಬರುತ್ತವೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸ್ವಲ್ಪ ಕನಸು ಕಾಣುವ ಹೆಂಗಸು. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಲ್ಲಿಸಿದರೆ ಮಕ್ಕಳ ಪೆನ್ನಿನ ಸದ್ದು ಕೇಳುತ್ತ ಕೇಳುತ್ತ ನನ್ನ ಮನಸ್ಸು ಕಿಟಕಿ ದಾಟಿ, ಮೈದಾನ ದಾಟಿ, ಎದುರು ಗುಡ್ಡದ ಮಂಜಿನಲ್ಲಿ ಎಲ್ಲೋ ಕಳೆದುಹೋಗುತ್ತದೆ. ಬನವಾಸಿ ಕಡೆಯವಳಾದ ನನ್ನವ್ವ ನಾನು ಸಣ್ಣವಳಿದ್ದಾಗಲೇ, “ಈಕಿ ಕುಂತಲ್ಲೇ ಊರೆಲ್ಲ ಸುತ್ತಿ ಬರ್ತಾಳ, ಚಪ್ಪಲಿ ಸವೆಯಂಗಿಲ್ಲ” ಅನ್ನುತ್ತಿದ್ದಳು.

ನಿದ್ದೆಯಲ್ಲೂ ನನಗೆ ಬಿಡುವಿಲ್ಲ. ವರ್ಷಕ್ಕೆ ಕೆಲವು ಸಲವಾದರೂ ಒಂದೇ ಕನಸು ಬೀಳುತ್ತದೆ. ನಾನಿನ್ನೂ ಹತ್ತನೆಯ ತರಗತಿ. ಪ್ರಶ್ನೆ ಪತ್ರಿಕೆ ಕೈಗೆ ಬರುತ್ತದೆ, ಅದರಲ್ಲಿ ಅಕ್ಷರಗಳೇ ಇಲ್ಲ. ಕೆರೆಯ ತಳದಿಂದ ಬಂದ ಹಾಗೆ ಎಲ್ಲಿಂದಲೋ ಗಂಟೆಯ ಸದ್ದು. ಗಣಿತ ಕಲಿಸುವವಳಿಗೇ ಗಣಿತ ಪರೀಕ್ಷೆಯ ಕನಸು ಬಿದ್ದು ಬೆಚ್ಚಿ ಏಳುವುದೆಂದರೆ ಹೇಳಿಕೊಳ್ಳುವ ಮಾತಲ್ಲ. ಆದರೆ ಆ ಕನಸು ಇದ್ದುದಕ್ಕೇ ನಾನು ಈಗ ಹೇಳಲಿರುವ ಹುಡುಗಿಯನ್ನು ಬೈಯಲಿಲ್ಲ.

೧. ಮಾರ್ಜಿನ್ ಎಳೆದ ಹುಡುಗಿ

ಆಗ ನಾನು ಸಿದ್ದಾಪುರ ತಾಲೂಕಿನಲ್ಲಿ, ಹೇರೂರು ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ. ಬೋರ್ಡಿನ ಮುಂದೆ ನಿಲ್ಲಿಸಿದರೆ ಲೆಕ್ಕ ಪಟಪಟ ಬಿಡಿಸುತ್ತಿದ್ದಳು. ಪಕ್ಕದವಳಿಗೆ ಹೇಳಿಕೊಡುತ್ತಿದ್ದಳು. ನಾನು ಬೋರ್ಡಿನ ಮೇಲೆ ತಪ್ಪು ಮಾಡಿ ಕಿಟಕಿ ನೋಡುತ್ತ ನಿಂತರೆ ಮೆಲ್ಲಗೆ ಕೆಮ್ಮಿ ಎಚ್ಚರಿಸುತ್ತಿದ್ದವಳೂ ಅವಳೇ.

ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಕೂತಾಗ ಅವಳದ್ದು ಕೈಗೆ ಬಂತು. ಮುತ್ತು ಪೋಣಿಸಿದ ಹಾಗೆ ಹೆಸರು. ಪ್ರತಿ ಪುಟಕ್ಕೂ ಸ್ಕೇಲಿಟ್ಟು ಎಳೆದ ಅಂದವಾದ ಮಾರ್ಜಿನ್. ಒಳಗೆ ಏನೂ ಇಲ್ಲ. ತೊಳೆದಿಟ್ಟ ಬಾಳೆ ಎಲೆ.

ಕರೆದು ಕೂರಿಸಿಕೊಂಡು ಕೇಳಿದೆ. “ಏನವ್ವಾ, ಇದೆಲ್ಲ ನಿನಗ ಬರ್ತದಲ್ಲ?”

“ಬತ್ತು ಅಕ್ಕೋರೆ. ಪೇಪರ್ ಕೈಗೆ ಬಪ್ಪದ್ರೊಳಗೆ ಎಲ್ಲ ಹೋತು. ಎಲ್ಲಿಗೆ ಹೋತು ಹೇಳಿ ಗೊತ್ತಿಲ್ಲೆ.”

“ಮತ್ತ ಅಷ್ಟೊತ್ತು ಏನ್ ಮಾಡಿದಿ?”

“ಮಾರ್ಜಿನ್ ಎಳ್ದಿ.”

“ಎಲ್ಲಾ ಹಾಳಿಗೂ?”

“ಹೌದು. ಮತ್ತೂ ಟೈಮ್ ಇತ್ತು. ಅಡಿಷನಲ್ ಶೀಟ್ ಇಸ್ಕಂಡಿ. ಅದ್ಕೂ ಎಳ್ದಿ.”

ನಗು ಬಂತು, ತಡೆದುಕೊಂಡೆ. ಯಾಕೆಂದರೆ ಅವಳ ಕಣ್ಣು ತುಂಬಿತ್ತು. ಪರೀಕ್ಷೆಯ ಹಿಂದಿನ ದಿನ ಕಣ್ಣಿಗೆ ಕಣ್ಣು ಹತ್ತುವುದಿಲ್ಲವಂತೆ. ಮಾರ್ಚಿನ ಪರೀಕ್ಷೆಗೆ ತಾನು ಹೋಗುವುದೇ ಇಲ್ಲ ಎಂದು ಆಗಲೇ ನಿಶ್ಚಯಿಸಿಬಿಟ್ಟಿದ್ದಳು. ಅವಳ ಅಪ್ಪ, ಅಮ್ಮ ಇಬ್ಬರೂ ಮದುವೆ ಮುಂಜಿಗಳ ಅಡುಗೆ ಕೆಲಸ ಹಿಡಿದು ಊರೂರು ಹೋಗುವವರು. “ಅಪ್ಪಯ್ಯನ ಸಂತಿಗೆ ಆನೂ ಅಡುಗೆಗೆ ಹೋಗ್ತಿ ಅಕ್ಕೋರೆ. ಅಲ್ಲಿ ಗಂಟಲು ಒಣಗಿಸ್ಕಂಡು ಕೂತ್ಗಳದು ಇಲ್ಲೆ” ಅಂದಳು. ಅಪ್ಪನ ಜೊತೆ ತಾನೂ ಅಡುಗೆಗೆ ಹೋಗುತ್ತಾಳಂತೆ, ಅದು ಒಳ್ಳೆಯ ಕೆಲಸವೇ. ಆದರೆ ಲೆಕ್ಕ ಬಿಡಿಸುವಾಗ ಅವಳ ಮುಖದಲ್ಲಿ ಬರುತ್ತಿದ್ದ ಬೆಳಕನ್ನು ನಾನು ನೋಡಿದ್ದೆ. ಹೆದರಿ ಓಡಿಹೋಗುವವಳನ್ನು ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ.

ಆ ಪತ್ರಿಕೆ ತೆಗೆದುಕೊಂಡು ಹೆಡ್ ಮಾಸ್ತರರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಒಂದೊಂದೇ ಪುಟ ತಿರುಗಿಸಿದರು.

“ಎಂತಾ ಚಂದ ಅಕ್ಷರ ಮೇಡಂ!”

“ಅಕ್ಷರ ಎಲ್ಲದಾವ ಸರ್?”

“ಹೆಸ್ರು ಬರ್ದಾಳಲ್ಲ. ಉಳ್ದವ್ರಿಗೆ ಅದೂ ಸಮಾ ಬರೂದಿಲ್ಲ.”

೨. ಒಂದೆಲಗದ ತಂಬಳಿ

ಹುಡುಗಿಯ ಓದಿನ ಉಸ್ತುವಾರಿ ಅಜ್ಜನದು. ಒಂದು ಕಾಲಕ್ಕೆ ಯಕ್ಷಗಾನ ತಾಳಮದ್ದಲೆಯಲ್ಲಿ ಕೂತು ಪುರಾಣದ ಪಾತ್ರಗಳಾಗಿ ಅರ್ಥ ಹೇಳುತ್ತಿದ್ದ ಮನುಷ್ಯ. ಈಗಲೂ “ಚಾ ಆತಾ?” ಎಂದು ಕೇಳಿದರೆ ಕೌರವನ ಸಭೆಯಲ್ಲಿ ಸಂಧಾನಕ್ಕೆ ಬಂದವರ ಹಾಗೆ ಕೇಳಿಸುತ್ತದೆ. ಮೊಮ್ಮಗಳ ಖಾಲಿ ಪತ್ರಿಕೆಯ ಸುದ್ದಿ ಕೇಳಿ ಅವರು ಬೈಯಲಿಲ್ಲ, ಮರುಗಿದರು. ಆಮೇಲೆ ಕತ್ತಿ ಹಿಡಿದು ಗದ್ದೆಯಂಚಿಗೆ ಇಳಿದರು.

ನೆನಪಿನ ಶಕ್ತಿಗೆ ಒಂದೆಲಗದಂಥ ಸೊಪ್ಪು ಇನ್ನೊಂದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಆವತ್ತಿನಿಂದ ಅವರ ಮನೆಯಲ್ಲಿ ಮಧ್ಯಾಹ್ನ ಮಜ್ಜಿಗೆಗೆ ಅರೆದು ಹಾಕಿದ ಒಂದೆಲಗದ ತಂಬಳಿ, ಸಂಜೆ ಒಂದೆಲಗದ ಚಟ್ನಿ, ಬೆಳಿಗ್ಗೆ ದೋಸೆ ಹಿಟ್ಟಿಗೂ ಅದೇ. ಹುಡುಗಿ ಒಬ್ಬಳೇ ಹೇಗೆ ತಿಂದಾಳು ಎಂದು ಅಜ್ಜನೂ ಜೊತೆಗೆ ಕೂತು ಉಂಡರು.

ಸ್ವಲ್ಪ ದಿನ ಬಿಟ್ಟು ಕಿರುಪರೀಕ್ಷೆ ಕೊಟ್ಟೆ. ಹುಡುಗಿ ಮತ್ತೆ ಮಾರ್ಜಿನ್ ಎಳೆದು ಕೊಟ್ಟಳು. ತಂಬಳಿ ಕೆಲಸ ಮಾಡಲಿಲ್ಲವೇ? ಮಾಡಿತ್ತು, ಆದರೆ ಅಜ್ಜನ ಮೇಲೆ.

ಪಕ್ಕದ ಮನೆಯವರು ತಮ್ಮ ಮದುವೆಯ ಕಾಲದಲ್ಲಿ ಇವರ ಮನೆಯಿಂದ ಏಣಿ ಒಯ್ದು ತಂದುಕೊಡದೇ ಇದ್ದದ್ದು ಅಜ್ಜನಿಗೆ ಒಂದು ದಿನ ಊಟದ ನಡುವೆ ಫಕ್ಕನೆ ನೆನಪಾಯಿತು. ಕೈ ತೊಳೆದವರೇ ಹೋಗಿ ಅಂಗಳದಲ್ಲಿ ನಿಂತು ಏಣಿ ಕೇಳಿದರು. ಆ ಏಣಿ ಗೆದ್ದಲು ಹಿಡಿದು ಮಣ್ಣಾಗಿ, ಅದನ್ನು ಹತ್ತಿದವರ ಮಕ್ಕಳಿಗೂ ಮದುವೆಯಾಗಿತ್ತು. ಮರುದಿನ, ಇನ್ನೊಂದು ಮನೆಯವರು ಹಿಂದೊಮ್ಮೆ ತಾಳಮದ್ದಲೆಯಲ್ಲಿ ಅಜ್ಜನ ಮಾತು ಕತ್ತರಿಸಿದ್ದು ನೆನಪಾಯಿತು, ಅಲ್ಲಿಗೂ ಹೋದರು. ಕೇರಿಯಲ್ಲಿ ಜನ ಅಜ್ಜನ ತಲೆ ಕಂಡರೆ ಒಳಗೆ ಸರಿದು ಬಾಗಿಲು ಹಾಕಿಕೊಳ್ಳತೊಡಗಿದರು.

ಕಡೆಗೆ ಏಣಿಯ ಮನೆಯವರು ಒಂದು ಪಾತ್ರೆ ಹಿಡಿದುಕೊಂಡು ಇವರ ಮನೆಗೆ ಬಂದರು.

“ನಿಂಗಳ ಮನೆ ತಂಬ್ಳಿ ಎಂಗಕ್ಕೂ ಸ್ವಲ್ಪ ಕೊಡಿ ಮಾರಾಯ್ರೆ. ಎಂಗಳ ಮನೆಯಿಂದ ನಿಂಗ ಒಯ್ದಿದ್ದು ಎಂತೆಂತ ಹೇಳಿ ನೆನಪು ಮಾಡ್ಕಳವು.”

ಆ ದಿನದಿಂದ ಅಜ್ಜ ಸಾದಾ ಮಜ್ಜಿಗೆಗೆ ಇಳಿದರು.

೩. ಗಂಟೆಗಳ ನಡುವೆ

ಸೊಪ್ಪು ಕೈಕೊಟ್ಟ ಮೇಲೆ ಉಳಿದದ್ದು ದೇವರು. ಯಲ್ಲಾಪುರದ ಚಂದಗುಳಿಯಲ್ಲಿ ಗಂಟೆ ಗಣಪ ಇದ್ದಾನೆ. ಅಂದುಕೊಂಡದ್ದು ಆದರೆ ಅವನಿಗೆ ಒಂದು ಗಂಟೆ ಕಟ್ಟುವುದು ಹರಕೆ. ಭಾನುವಾರ ಹೋಗುವುದೆಂದಾಯಿತು. ಅಜ್ಜ ನನ್ನನ್ನೂ ಕರೆದರು.

“ನಿಂಗನೂ ಬನ್ನಿ ಅಕ್ಕೋರೆ. ದೇವ್ರು ಗಣಿತದ ಬಗ್ಗೆ ಎಂತಾರೂ ಕೇಳಿದ್ರೆ ಎಂಗೆ ಹೇಳಲೆ ಬತ್ತಿಲ್ಲೆ.”

ಸಿದ್ದಾಪುರದಿಂದ ಶಿರಸಿ, ಶಿರಸಿಯಿಂದ ಯಲ್ಲಾಪುರ. ಬಸ್ಸಿನ ಕಿಟಕಿಗೆ ತಲೆಯಿಟ್ಟರೆ ನನಗೆ ಎಚ್ಚರ ಮತ್ತು ನಿದ್ದೆಯ ನಡುವಿನ ಗೇಟು ತಾನೇ ತೆರೆದುಕೊಳ್ಳುತ್ತದೆ. ಬೆಳಗಿನ ಮಂಜು ರಸ್ತೆಯ ಮೇಲೆ ಇಳಿದು, ಮರಗಳು ಒಂದೊಂದಾಗಿ ಹತ್ತಿರ ಬಂದು ಮುಖ ತೋರಿಸಿ ಹೋಗುತ್ತಿದ್ದವು. ಯಾವುದೋ ತಿರುವಿನಲ್ಲಿ ಬಸ್ಸೇ ನಿಂತು ಕಾಡೇ ಪ್ರಯಾಣ ಮಾಡುತ್ತಿದೆ ಅನ್ನಿಸಿತು. ಪಕ್ಕದಲ್ಲಿ ಹುಡುಗಿ ಪುಸ್ತಕ ಮುಚ್ಚಿಕೊಂಡು ತುಟಿಯಲ್ಲೇ ಸೂತ್ರ ಹೇಳಿಕೊಳ್ಳುತ್ತಿದ್ದಳು. ಒಂದೂ ತಪ್ಪಿರಲಿಲ್ಲ. ಇಷ್ಟು ಬರುವ ಮಗು ಎಲ್ಲಿ ಎಡವುತ್ತಿದೆ ಎಂದು ಅರೆನಿದ್ದೆಯಲ್ಲೇ ಯೋಚಿಸಿದೆ.

ಉತ್ತರ ಗುಡಿಯಲ್ಲಿ ಸಿಕ್ಕಿತು. ಒಳಗೆ ಎಲ್ಲಿ ನೋಡಿದರೂ ಗಂಟೆ, ಸಣ್ಣದು, ದೊಡ್ಡದು, ಹೊಳೆಯುವುದು, ಕಪ್ಪಾದದ್ದು. ಬಂದವರೆಲ್ಲ ಕೈ ಎತ್ತಿ ಬಾರಿಸುತ್ತಿದ್ದರು. ನನಗೆ ಆ ನಾದದಲ್ಲಿ ತೇಲಿ ಹೋದ ಹಾಗಾಯಿತು. ತಿರುಗಿ ನೋಡಿದರೆ ಹುಡುಗಿ ಕಂಬಕ್ಕೆ ಒರಗಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಹಣೆಯ ಮೇಲೆ ಬೆವರು.

“ಯಾಕ ತಂಗಿ?”

“ಗಂಟೆ ಅಕ್ಕೋರೆ. ಶಾಲೇಲೂ ಹಿಂಗೇ ಆಗ್ತು. ಪರೀಕ್ಷೆ ದಿನ ಗಂಟೆ ಆದ ಕೂಡ್ಲೆ ಹೊಟ್ಟೆ ತೊಳಸ್ತು, ತಲೆ ಖಾಲಿ ಆಗ್ತು.”

ಹಾಗಾದರೆ ಅವಳನ್ನು ಹೆದರಿಸುತ್ತಿದ್ದದ್ದು ಗಣಿತವಲ್ಲ. ನನ್ನ ಕನಸಿನ ಕೆರೆಯ ತಳದ ಗಂಟೆ ನೆನಪಾಗಿ ಅವಳ ಕೈ ಹಿಡಿದುಕೊಂಡೆ, ತಣ್ಣಗಿತ್ತು.

ಅಜ್ಜನಿಗೆ ಇದ್ಯಾವುದೂ ಗೊತ್ತಿಲ್ಲ. ಗರ್ಭಗುಡಿಯ ಎದುರು ನಿಂತು ಅರ್ಥ ಹೇಳುವ ದನಿಯಲ್ಲಿ ದೇವರಿಗೆ ಒಪ್ಪಂದ ಕೇಳಿಸುತ್ತಿದ್ದರು. “ಎನ್ನ ಮೊಮ್ಮಗಳನ್ನ ಪಾಸು ಮಾಡ್ಸು ಗಣಪಾ. ಮಾರ್ಚಲ್ಲಿ ಕೂಸು ಪೇಪರ್ ತುಂಬ ಬರೆಯವು. ಗಂಟೆ ತಂದು ಕಟ್ತಿ.” ಬರೆಯವು ಅಂದರೆ ಬರೆಯಲೇಬೇಕು ಎಂದು.

ಮಂಗಳಾರತಿ ತಟ್ಟೆ ಹಿಡಿದು ಬಂದ ಭಟ್ಟರು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡರು. ಪರೀಕ್ಷೆಯ ಹರಕೆ ಅವರಿಗೆ ಹೊಸದಲ್ಲ.

“ಅಜ್ಜ, ಗಣಪ ಪಾಸು ಮಾಡ್ಸ್ತ. ಅದ್ರಲ್ಲಿ ಎಂತ ಸಂಶಯ ಇಲ್ಲೆ. ಆದ್ರೆ ಅಂವ ಪೇಪರ್ ಬರೆಯಲೆ ಬತ್ನಿಲ್ಲೆ. ಹಾಲ್ ಟಿಕೆಟ್ ಇಲ್ಲೆ ಅವಂಗೆ.”

೪. ಮಂಗಳಾರತಿ ತಪ್ಪಿಸಬಾರದು

ಬರುವಾಗ ಬಸ್ಸಿನಲ್ಲೇ ನಾವು ಮೂವರೂ ಕೂತು ಒಂದು ಏರ್ಪಾಡು ಮಾಡಿದೆವು. ಗಂಟೆಯಿಂದ ಓಡಿದರೆ ಗಂಟೆ ಬೆನ್ನಟ್ಟುತ್ತದೆ. ದಿನಾ ಕೇಳಿದರೆ ಹಳೆಯ ಗಡಿಯಾರದ ಹಾಗೆ ಮರೆತೇ ಹೋಗುತ್ತದೆ. ಆದ್ದರಿಂದ ದಿನಾ ಸಂಜೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಮನೆಯಲ್ಲೇ ಪರೀಕ್ಷೆ. ಓದುವುದು ಸ್ವಲ್ಪ, ಪುಸ್ತಕ ಮುಚ್ಚಿಟ್ಟು ಬರೆಯುವುದು ಹೆಚ್ಚು. ಗಂಟೆಯಾದ ಕೂಡಲೇ ಪೆನ್ನು ಮುಟ್ಟದೆ ಒಂದು ಸಲ ದೀರ್ಘವಾಗಿ ಉಸಿರು ಬಿಡಬೇಕು. ಪತ್ರಿಕೆಯನ್ನು ತುದಿಯಿಂದ ಬುಡದವರೆಗೆ ಓದಬೇಕು. ಗೊತ್ತಿರುವುದನ್ನು ಮೊದಲು ಬರೆಯಬೇಕು, ಗೊತ್ತಿಲ್ಲದ್ದು ಕಾಯಲಿ. ಊಟವಾದ ಮೇಲೆ ಪುಸ್ತಕ ಮುಟ್ಟುವ ಹಾಗಿಲ್ಲ, ಬೇಗ ಮಲಗಬೇಕು.

“ಗಂಟೆ ಹೊಡೆಯ ಕೆಲಸ ಎನ್ನದು” ಎಂದು ಅಜ್ಜ ಎದೆ ತಟ್ಟಿಕೊಂಡರು.

ಪೂಜೆಯ ಸಣ್ಣ ಗಂಟೆ ಬಾರಿಸುತ್ತಾರೆಂದು ನಾನು ತಿಳಿದಿದ್ದೆ. ಅಜ್ಜ ಅಟ್ಟ ಹತ್ತಿ ಜಾಗಟೆ ಇಳಿಸಿದ್ದರು. ಮಂಗಳಾರತಿಯ ಹೊತ್ತಿಗೆ ಮರದ ಕೊಡತಿಯಿಂದ ಹೊಡೆಯುವ ಕಂಚಿನ ತಟ್ಟೆ, ಹೊಡೆದರೆ ಆಚೆ ಕೇರಿಯ ನಾಯಿಯೂ ಎದ್ದು ಕೂರುತ್ತದೆ. ಮೊದಲ ದಿನ ಸಂಜೆ ಹುಡುಗಿ ಜಗಲಿಯಲ್ಲಿ ಕೂತಳು. ಅಜ್ಜ ಢಣ್ ಅನ್ನಿಸಿದರು. ಹುಡುಗಿ ಎದ್ದು ಹಿತ್ತಲಿಗೆ ಓಡಿದಳು. ಅಜ್ಜ ಹಿತ್ತಲಿಗೆ ಹೋಗಿ, ನೀರು ಕುಡಿಸಿ, ತಲೆ ನೇವರಿಸಿ ಕರೆದುಕೊಂಡು ಬಂದು ಮತ್ತೊಮ್ಮೆ ಹೊಡೆದರು. ಆ ಸಲ ಒಂದು ಲೆಕ್ಕ ಬರೆದಳು. ಒಂದೇ ಒಂದು. ಆದರೆ ಮಾರ್ಜಿನ್ನಿನ ಈಚೆಗೆ.

ಅಷ್ಟರಲ್ಲಿ ಅಂಗಳದಲ್ಲಿ ಜನ. ನಮ್ಮ ಕಡೆ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮನೆಯಲ್ಲಿ ಜಾಗಟೆ ಕೇಳಿಸಿತೆಂದರೆ ಅಲ್ಲೊಂದು ವಿಶೇಷ ಪೂಜೆ ಮುಗಿಯುತ್ತಿದೆ ಎಂದೇ ಅರ್ಥ. ಆಮಂತ್ರಣದ ಹೇಳಿಕೆ ಬಂದಿಲ್ಲ, ಗಡಿಬಿಡಿಯಲ್ಲಿ ಕರೆಯಲು ಮರೆತಿರಬೇಕು, ಹಾಗಂತ ಮಂಗಳಾರತಿ ತಪ್ಪಿಸಬಾರದು ಎಂದು ಅಕ್ಕಪಕ್ಕದವರು ಕೈಕಾಲು ತೊಳೆದು, ಒಳ್ಳೆಯ ಸೀರೆಯುಟ್ಟು ಬಂದಿದ್ದರು. ಏಣಿಯ ಮನೆಯವರು ಒಂದು ತೆಂಗಿನಕಾಯಿಯನ್ನೂ ತಂದಿದ್ದರು.

“ಎಂತ ಪೂಜೆ?”

“ಗಣಿತ” ಅಂದರು ಅಜ್ಜ.

ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಅಜ್ಜ ಒಳಗೆ ಹೋಗಿ ಬೆಲ್ಲ, ಕಾಯಿ, ಹುರಿಗಡಲೆ, ಎಳ್ಳು, ಏಲಕ್ಕಿ ಕಲಸಿ ಪಂಚಕಜ್ಜಾಯ ಮಾಡಿ ಹಂಚಿದರು. ಅಲ್ಲಿಗೆ ಪದ್ಧತಿ ಬಿದ್ದುಹೋಯಿತು. ದಿನಾ ಸಂಜೆ ಜಾಗಟೆ, ಪರೀಕ್ಷೆ, ಮುಗಿದ ಮೇಲೆ ಪಂಚಕಜ್ಜಾಯ. ಪರೀಕ್ಷೆಯ ನಡುವೆ ಜನ ಜಗಲಿಯಂಚಿನಲ್ಲಿ ಕೂತು ಪಿಸುಪಿಸು ಮಾತಾಡುತ್ತಿದ್ದರು. ಅಜ್ಜ ಮೇಲ್ವಿಚಾರಕರಾಗಿ ಅಡ್ಡಾಡುತ್ತ, ಸಮಯ ಬಂದಾಗ ಜಾಗಟೆ ಬಾರಿಸಿ, ಯುದ್ಧಭೂಮಿಗೆ ಕೇಳಿಸುವ ಹಾಗೆ ಸಾರುತ್ತಿದ್ದರು: “ಇನ್ನು ಹದಿನೈದೇ ನಿಮಿಷ! ಬರೆದಿದ್ದನ್ನ ಒಂದ್ಸಲ ತಿರುಗಿ ನೋಡವು!”

ಈ ಗದ್ದಲದಲ್ಲೇ ಹುಡುಗಿಯ ಲೆಕ್ಕ ಒಂದರಿಂದ ನಾಲ್ಕಾಯಿತು, ನಾಲ್ಕರಿಂದ ಅರ್ಧ ಪತ್ರಿಕೆಯಾಯಿತು. ಒಂದು ಶನಿವಾರ ನಾನು ನೋಡಲು ಹೋದಾಗ ಜಾಗಟೆ ಬಿತ್ತು. ನಾನೇ ಬೆಚ್ಚಿಬಿದ್ದೆ. ಅವಳು ಮಾತ್ರ ಉಸಿರು ಬಿಟ್ಟು, ಪತ್ರಿಕೆ ಓದಿ, ತಲೆ ಬಗ್ಗಿಸಿ ಬರೆಯಲು ಶುರು ಮಾಡಿದಳು. ಸಂಜೆಯ ಹಳದಿ ಬೆಳಕು ಅವಳ ಹಾಳೆಯ ಮೇಲೆ ಬಿದ್ದಿತ್ತು. ಅದನ್ನೇ ನೋಡುತ್ತ ನಾನು ಎಷ್ಟು ಹೊತ್ತು ಕೂತಿದ್ದೆನೋ. ಬಹಳ ಖುಷಿಯಾಗಿತ್ತು.

“ಈಗ ಗಂಟಿ ಕೇಳಿದ್ರ ಏನ್ ಅನ್ನಸ್ತದ?” ಎಂದು ಆಮೇಲೆ ಕೇಳಿದೆ.

“ಹೊಟ್ಟೆ ತೊಳಸ್ತಿಲ್ಲೆ ಅಕ್ಕೋರೆ. ಆದ್ರೆ ಬಾಯಲ್ಲಿ ನೀರು ಬತ್ತು.”

ಹೊರಡುವಾಗ ಏಣಿಯ ಮನೆಯವರು ಗೇಟಿನ ತನಕ ಬಂದು ಗುಟ್ಟಾಗಿ ಕೇಳಿದರು. “ಅಕ್ಕೋರೆ, ಸಮಾಜ ವಿಜ್ಞಾನ ಯಾವತ್ತು? ಅದು ಉದ್ದದ ಪೇಪರ್ ಅಂತೆ. ಆವತ್ತು ಅವಲಕ್ಕಿನೂ ಮಾಡಿದ್ರೆ ಚಲೋ ಇತ್ತು.”

೫. ಭಯ ನಿವಾರಣೆಯ ತರಬೇತಿ

ಇದೇ ಹೊತ್ತಿಗೆ ಶಿರಸಿಯಲ್ಲಿ ಶಿಕ್ಷಕರಿಗೊಂದು ತರಬೇತಿ. ವಿಷಯ, ಮಕ್ಕಳ ಪರೀಕ್ಷಾ ಭಯ ನಿವಾರಿಸುವುದು ಹೇಗೆ. ಮಧ್ಯಾಹ್ನದ ಊಟದ ಮೇಲೆ ಫ್ಯಾನಿನ ಕೆಳಗೆ ಕೂತು ನಾನು ಅರ್ಧ ಕೇಳುತ್ತ, ಅರ್ಧ ಮಾರಿಗುಡಿ ಪೇಟೆಯ ಕಡೆ ತೇಲುತ್ತ ಇದ್ದೆ. ಕೊನೆಗೆ ತರಬೇತಿ ಕೊಡುವವರು, “ಈಗ ನಿಮಗೆಲ್ಲ ಒಂದು ಸಣ್ಣ ಟೆಸ್ಟ್” ಅಂದರು.

ಸಭೆ ಎದ್ದು ಕೂತಿತು. ಮುಂದಿನ ಸಾಲಿನವರು ಹಿಂದಿನ ಸಾಲಿಗೆ ಬಂದರು. ವರ್ಷಗಟ್ಟಲೆ ನಕಲು ಹಿಡಿದ ಕೀರ್ತಿಯ ವಿಜ್ಞಾನ ಮಾಸ್ತರರು ನನ್ನ ಕಡೆ ಬಗ್ಗಿ, “ಮೇಡಂ, ಹಾಳೆ ಸ್ವಲ್ಪ ಈಚೆಗೆ ಸರಿಸಿ ಇಟ್ಕಳಿ” ಅಂದರು. ಇಬ್ಬರಿಗೆ ಒಟ್ಟಿಗೇ ಬಾತ್‌ರೂಮಿಗೆ ಹೋಗಬೇಕಾಯಿತು.

ನನಗೂ ಪತ್ರಿಕೆ ಕೈಗೆ ಬಂದಾಗ ಕನಸಿನ ಹಾಗೇ ಆಯಿತು, ಅಕ್ಷರಗಳು ಕಾಣಲಿಲ್ಲ. ಆಗ ಜಗಲಿಯ ಹುಡುಗಿ ನೆನಪಾದಳು. ಉಸಿರು ಬಿಟ್ಟೆ. ಅಕ್ಷರಗಳು ಒಂದೊಂದಾಗಿ ಹಿಂದಕ್ಕೆ ಬಂದವು. ಗೊತ್ತಿದ್ದದ್ದನ್ನು ಮೊದಲು ಬರೆದೆ.

ಪತ್ರಿಕೆ ವಾಪಸು ತೆಗೆದುಕೊಂಡ ಮೇಲೆ ತರಬೇತಿ ಕೊಡುವವರು ನಕ್ಕು ಹೇಳಿದರು, “ನೋಡಿ, ಭಯ ಅಂದ್ರೆ ಇಷ್ಟೇ. ಸುಮ್ನೆ ನಮ್ಮ ಕಲ್ಪನೆ.” ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಮೇಲಧಿಕಾರಿಗಳು ಬಂದು ಕೂತು, “ಮುಂದುವರಿಸಿ, ನಾನು ಸುಮ್ನೆ ಕೇಳ್ಲಿಕ್ಕೆ ಬಂದದ್ದು” ಅಂದರು.

ತರಬೇತಿ ಕೊಡುವವರು ಮೈಕನ್ನು ತಲೆಕೆಳಗೆ ಹಿಡಿದುಕೊಂಡು ಮೊದಲಿನಿಂದ ಎಲ್ಲರಿಗೂ ಸ್ವಾಗತ ಕೋರಿದರು.

೬. ಗೇಟಿನ ಹೊರಗೆ

ಗಣಿತ ಪರೀಕ್ಷೆಯ ದಿನ ಬಂತು. ಕೇಂದ್ರ ಸಿದ್ದಾಪುರದಲ್ಲಿ. ಗಣಿತದ ದಿನ ಗಣಿತದವರಿಗೆ ಕೊಠಡಿಯಲ್ಲಿ ಕೆಲಸ ಕೊಡುವುದಿಲ್ಲವಾದ್ದರಿಂದ ನಾನೂ ಅಜ್ಜನೂ ಗೇಟು ಕಾಣುವಷ್ಟು ದೂರದಲ್ಲಿ, ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತೆವು. ಜಾಗಟೆ ತರಬಾರದೆಂದು ಅಜ್ಜನಿಂದ ಭಾಷೆ ತೆಗೆದುಕೊಂಡಿದ್ದೆ. ತಂದಿರಲಿಲ್ಲ. ಆದರೆ ಕೊಡತಿ ಚೀಲದಲ್ಲಿತ್ತು, “ಕೈಗೆ ಧೈರ್ಯಕ್ಕೆ” ಅಂದರು.

ಬೆಳಿಗ್ಗೆ ಹುಡುಗಿ ಗೇಟಿನ ಹತ್ತಿರ ಒಂದು ಕ್ಷಣ ನಿಂತಿದ್ದಳು. ಒಳಗೆ ಹೋಗುವುದೇ ಇಲ್ಲ ಅನ್ನುತ್ತಾಳೇನೋ ಎಂದು ನಾನು ಎರಡು ಹೆಜ್ಜೆ ಮುಂದೆ ಬಂದೆ. ಅವಳು ತಿರುಗಿ ನೋಡಿ, “ಅಜ್ಜ, ಮನೆಗೆ ಹೋಪಾಗ ಬೆಲ್ಲ ತಗಂಡು ಹೋಪ. ಡಬ್ಬದ್ದು ಮುಗದೋತು” ಎಂದು ಹೇಳಿ ಒಳಗೆ ಹೋದಳು.

ಗಂಟೆ ಬಾರಿಸಿತು. ಅಜ್ಜ ಕಣ್ಣು ಮುಚ್ಚಿಕೊಂಡರು. ನಾವಿಬ್ಬರೂ ಬೆಂಚಿನ ಮೇಲೆ ಕೂತು ಉಸಿರು ಬಿಟ್ಟೆವು.

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಪೇಟೆಯ ಸದ್ದೂ ತಗ್ಗಿತ್ತು. ಬಿಸಿಲು ಶಾಲೆಯ ಹಂಚಿನ ಮೇಲೆ ಮಲಗಿತ್ತು. ನಾನು ಕೂತಲ್ಲೇ ಗೋಡೆ ದಾಟಿ ಒಳಗೆ ಹೋಗಿ, ಅವಳ ಪಕ್ಕ ನಿಂತು, ಒಂದೊಂದೇ ಲೆಕ್ಕ ನೋಡಿ ಬರುತ್ತಿದ್ದೆ.

ಫಕ್ಕನೆ ಒಳಗೆ ಯಾರೋ ಓಡಿದರು. ಔಷಧದ ಚೀಲ ಹಿಡಿದ ನರ್ಸ್ ಕಾರಿಡಾರಿನಲ್ಲಿ ಧಾವಿಸುವುದು ಕಂಡಿತು. ಗೇಟಿನ ಪೊಲೀಸರು ಅಂಗಡಿಯವನಿಗೆ ಕೂಗಿ ಹೇಳಿದರು, “ಒಂದ್ ಹುಡ್ಗಿ ಬಿದ್ದೋಗದೆ ಅಂತೆ ಮಾರಾಯ, ಗಣಿತ ಅಲ್ವಾ!”

ಯಾವ ಹುಡುಗಿ ಎಂದು ನಾವು ಕೇಳಲಿಲ್ಲ. ಅಜ್ಜ ಚಹಾದ ಲೋಟ ಅಲ್ಲೇ ಬಿಟ್ಟು ಚೀಲದಿಂದ ಕೊಡತಿ ತೆಗೆದು ಹಿಡಿದುಕೊಂಡರು. ಎಲ್ಲ ನನ್ನಿಂದಲೇ ಆಯಿತು, ಅವಳ ಪಾಡಿಗೆ ಬಿಟ್ಟಿದ್ದರೆ ಎಲ್ಲೋ ಒಗ್ಗರಣೆ ಹಾಕುತ್ತ ಸುಖವಾಗಿರುತ್ತಿದ್ದಳು ಅನ್ನಿಸಿ ಅಳು ಬಂತು. ಒಳಗೆ ಬಿಡುವ ಹಾಗಿಲ್ಲ. ಕೊನೆಯ ಗಂಟೆಯವರೆಗೆ ಇಬ್ಬರೂ ಗೇಟನ್ನೇ ನೋಡುತ್ತ ಕೂತೆವು.

ಮಕ್ಕಳು ಹೊರಗೆ ಬಂದರು. ಎಲ್ಲರ ಹಿಂದೆ, ಕಣ್ಣುಜ್ಜುತ್ತ, ಆಕಳಿಸುತ್ತ ನಮ್ಮ ಹುಡುಗಿ.

ಆದದ್ದಿಷ್ಟು. ಮನೆಯಲ್ಲಿ ಜಾಗಟೆ, ಪಿಸುಮಾತು, ಏಲಕ್ಕಿಯ ಪರಿಮಳ, ಅಜ್ಜನ ಸಾರಣೆ ಇವುಗಳ ನಡುವೆ ಬರೆದು ಬರೆದು ಅಭ್ಯಾಸವಾದವಳಿಗೆ ಪರೀಕ್ಷಾ ಕೊಠಡಿ ಎಷ್ಟು ನಿಶ್ಶಬ್ದ ಅನ್ನಿಸಿತೆಂದರೆ, ಎಲ್ಲ ಬರೆದು, ಬರೆದದ್ದನ್ನು ತಿರುಗಿ ನೋಡಿ, ಇನ್ನೂ ಸಮಯ ಉಳಿದಾಗ ಉತ್ತರ ಪತ್ರಿಕೆಯ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿಬಿಟ್ಟಿದ್ದಳು! ಮೇಲ್ವಿಚಾರಕರು ಎಚ್ಚರ ತಪ್ಪಿದಳೆಂದು ಗಾಬರಿಯಾಗಿ ನರ್ಸನ್ನು ಕರೆಸಿದ್ದರು. ನರ್ಸ್ ಭುಜ ಅಲುಗಾಡಿಸಿದಾಗ ಇವಳು ಕಣ್ಣು ಬಿಡದೆ, “ಪಂಚಕಜ್ಜಾಯ ಎಂಗೆ ಬ್ಯಾಡ, ಬಂದವ್ಕೆ ಮೊದ್ಲು ಕೊಡು” ಅಂದಳಂತೆ. ಬಡಬಡಿಸುತ್ತಿದ್ದಾಳೆಂದು ಅವರು ಮತ್ತಷ್ಟು ಹೆದರಿದರು.

ಪರೀಕ್ಷೆ ಎಂದರೆ ನಿದ್ದೆ ಬಿಟ್ಟಿದ್ದ ಮಗು ಪರೀಕ್ಷೆಯಲ್ಲೇ ನಿದ್ದೆ ಮಾಡಿತ್ತು. ಅಜ್ಜ ಅವಳನ್ನು ತಬ್ಬಿಕೊಂಡು, “ಮಾರ್ಕು ಎಷ್ಟಾರೂ ಬರ್ಲಿ. ಎನ್ನ ಕೂಸಿಗೆ ನಿದ್ದೆ ಬಂತು” ಎಂದು ಅತ್ತೇಬಿಟ್ಟರು. ನಾನೂ ಅತ್ತೆ.

ಕಣ್ಣು ಒರೆಸಿಕೊಂಡು ನೋಡಿದರೆ ಅವಳ ಕೆನ್ನೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ತ್ರಿಭುಜ ಅಚ್ಚಾಗಿತ್ತು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಅಲ್ಲೇ ಮೌಲ್ಯಮಾಪನ ಮಾಡಿದೆ. ಸರಿಯಿತ್ತು.

೭. ಹರಕೆ ತೀರಿಸಿದ್ದು

ಫಲಿತಾಂಶ ಬಂತು. ಹುಡುಗಿ ಎಲ್ಲ ವಿಷಯದಲ್ಲೂ ಚೆನ್ನಾಗಿ ಪಾಸು. ಹೆಡ್ ಮಾಸ್ತರರು “ನಾ ಹೇಳಿದ್ನಲ್ಲ, ಅಕ್ಷರ ಚಂದ” ಅಂದರು. ಶಿರಸಿಯ ಕಾಲೇಜಿಗೆ ಸೇರುವ ಮೊದಲು ಗಣಪನ ಬಾಕಿ ತೀರಿಸಬೇಕೆಂದು ನಾವು ಮೂವರೂ ಮತ್ತೆ ಚಂದಗುಳಿಗೆ ಹೋದೆವು.

ಮತ್ತದೇ ಬಸ್ಸು, ಅದೇ ತೂಕಡಿಕೆ. ಈ ಸಲ ದಾರಿಯಲ್ಲಿ ನನಗೆ ಆ ಹಳೆಯ ಕನಸು ಬಿತ್ತು. ಆದರೆ ಕೆರೆಯ ತಳದ ಗಂಟೆ ಬಾರಿಸಿದ ಕೂಡಲೇ ಪರೀಕ್ಷಾ ಕೊಠಡಿಯ ಬಾಗಿಲು ತೆರೆದು ಏಣಿಯ ಮನೆಯವರು ತಟ್ಟೆ ಹಿಡಿದು ಒಳಗೆ ಬಂದರು. ನಗುತ್ತಲೇ ಎಚ್ಚರಾಯಿತು.

ಗುಡಿಯಲ್ಲಿ ಅಂದು ಜನ ಇದ್ದರು. ಮರುಪರೀಕ್ಷೆಗೆ ಕೂರುವ ಮಕ್ಕಳನ್ನು ಕರೆದುಕೊಂಡು ಹರಕೆ ಹೊರಲು ಬಂದ ತಂದೆ ತಾಯಿಯರೂ ಇದ್ದರು. ಒಳಗೆ ಅದೇ ಭಟ್ಟರು ಮಂತ್ರ ಹೇಳುತ್ತಿದ್ದರು. ಹೊಳೆಯುವ ಹೊಸ ಗಂಟೆಯನ್ನು ಹುಡುಗಿ ತನ್ನ ಕೈಯಾರೆ ಕಟ್ಟಿದಳು. ಕಿವಿ ಮುಚ್ಚಿಕೊಂಡು ನಿಂತಿದ್ದಳಲ್ಲ, ಅದೇ ಕಂಬದ ಹತ್ತಿರ.

“ಮೊದ್ಲು ನೀ ಹೊಡಿ ಅಜ್ಜ” ಅಂದಳು.

ಅಜ್ಜ ಕೈ ಎತ್ತಿ ಹೊಡೆದರು. ನಾದ ಗುಡಿಯೆಲ್ಲ ತುಂಬಿತು. ಅಷ್ಟು ತಿಂಗಳ ಅಭ್ಯಾಸ ಎಲ್ಲಿ ಹೋಗುತ್ತದೆ? ಅಜ್ಜನ ಕಣ್ಣು ತನ್ನಷ್ಟಕ್ಕೆ ಕೈಗಡಿಯಾರದ ಕಡೆ ಹೋಯಿತು. ಎದೆ ಉಬ್ಬಿತು. ಯುದ್ಧಭೂಮಿಯ ದನಿ ಹೊರಟಿತು.

“ಇನ್ನು ಹದಿನೈದೇ ನಿಮಿಷ! ಬರೆದಿದ್ದನ್ನ ಒಂದ್ಸಲ ತಿರುಗಿ ನೋಡವು!”

ಮರುಪರೀಕ್ಷೆಯ ಮಕ್ಕಳ ಮುಖ ಬಿಳಿಚಿತು. ಒಬ್ಬನಂತೂ ಕಿಸೆಯಲ್ಲಿ ಪೆನ್ನು ಹುಡುಕಿದ. ಗರ್ಭಗುಡಿಯ ಒಳಗೆ ಹೂವಿನ ತಟ್ಟೆ ಠಣ್ಣೆಂದು ಬಿತ್ತು. ಮಂತ್ರ ನಿಂತುಹೋಯಿತು. ಭಟ್ಟರು ಹೊರಗೆ ಇಣುಕಿದರು. ಹಣೆಯಲ್ಲಿ ಬೆವರು, ಬಾಯಿ ತೆರೆದೇ ಇತ್ತು.

“ಎಲ್ಲ ಬರ್ತಿತ್ತು” ಅಂದರು, ಕಂಗಾಲಾಗಿ. “ಗಂಟೆ ಆತು, ಈ ಅಜ್ಜ ಕೂಗ್ದ. ಎಲ್ಲ ಹೋತು. ಎಲ್ಲಿಗೆ ಹೋತು ಹೇಳಿ ಗೊತ್ತಿಲ್ಲೆ.”

ನಮ್ಮ ಹುಡುಗಿ ಮೆಟ್ಟಿಲ ಹತ್ತಿರ ಹೋಗಿ, ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದಳು.

“ಹೆದ್ರಡಿ ಭಟ್ರೆ. ಒಂದ್ಸಲ ಉದ್ದಕ್ಕೆ ಉಸಿರು ಬಿಡಿ. ಗೊತ್ತಿದ್ದಿದ್ದು ಮೊದ್ಲು ಹೇಳಿ. ಉಳದ್ದು ತನ್ನಷ್ಟಕ್ಕೇ ಬತ್ತು.”

ಭಟ್ಟರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ಜೊತೆಗೆ ಗುಡಿಯಲ್ಲಿದ್ದ ಮಕ್ಕಳೂ ಬಿಟ್ಟರು. ಮೊದಲು ಒಂದು ಸಾಲು ಬಂತು, ಆಮೇಲೆ ಇನ್ನೊಂದು, ಆಮೇಲೆ ಮಂತ್ರ ಸರಾಗವಾಗಿ ಹರಿಯಿತು.

ಮಂಗಳಾರತಿಯಾಯಿತು. ಪ್ರಸಾದ ಕೊಡಲು ಬಂದ ಭಟ್ಟರು ಹುಡುಗಿಯ ಮುಂದೆ ನಿಂತು, ಅಜ್ಜನ ಕಡೆ ಒಮ್ಮೆ ಓರೆಯಾಗಿ ನೋಡಿ, ದನಿ ತಗ್ಗಿಸಿ ಕೇಳಿದರು.

“ಕೂಸೆ, ಎಲ್ಲ ಸಮಾ ಬಂತಾ? ಆನು ಪಾಸಾ?”

ಹುಡುಗಿ ಪ್ರಸಾದದ ಪಂಚಕಜ್ಜಾಯ ಬಾಯಿಗೆ ಹಾಕಿಕೊಂಡು, ರುಚಿ ನೋಡಿ ತಲೆಯಾಡಿಸಿದಳು.

“ಪಾಸು ಭಟ್ರೆ. ಆದ್ರೆ ಮುಂದಿನ ಸಲ ಅಜ್ಜನ್ನ ಗೇಟಿನ ಹೊರಗೇ ಕೂರ್ಸವು.”